ನೆಲದ ನಾಡಿ ನೋಡುವ ವಿದ್ಯೆ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರನ್ನು ವಾರ್ಷಿಕೋತ್ಸವದ ವೇದಿಕೆಗೆ ಕರೆದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಕೇಳಬಹುದೆಂದು ಸಭಿಕರು ನಿರೀಕ್ಷಿಸುವುದು ಸಹಜ. ಆದರೆ ಈ ಸಲ ಸಂಘದ ಕಾರ್ಯದರ್ಶಿಗಳು ನಮಗೆ ಒಪ್ಪಿಸಿದ ವಿಷಯ ಬೇರೆ. ನೆಲ ನಡುಗುವುದನ್ನೂ ಬೆಂಕಿಯ ಬೆಟ್ಟಗಳು ಎಚ್ಚರಗೊಳ್ಳುವುದನ್ನೂ ವಿಜ್ಞಾನಿಗಳು ಹೇಗೆ ಕಾದು ನೋಡುತ್ತಾರೆ, ಅದರಿಂದ ನಮ್ಮಂಥವರಿಗೆ ಆಗುವ ಪ್ರಯೋಜನವೇನು ಎಂಬುದೇ ಆ ವಿಷಯ. ನಾವು ವಿಜ್ಞಾನಿಗಳಲ್ಲ. ಆದರೂ ಈ ವಿಷಯದ ಕೊನೆಯ ಮೆಟ್ಟಿಲು ಭಾಷೆಯ ಮೆಟ್ಟಿಲಾಗಿರುವುದರಿಂದ ಭಾಷೆಯ ಮೇಷ್ಟರು ಇದನ್ನು ಮಾತನಾಡುವುದರಲ್ಲಿ ಅನೌಚಿತ್ಯವಿಲ್ಲವೆಂದು ತಿಳಿದು ಒಪ್ಪಿಕೊಂಡಿದ್ದೇವೆ.

ಅಮರಕೋಶದಲ್ಲಿ ಭೂಮಿಗೆ ಅನೇಕ ಹೆಸರುಗಳಿವೆ. ಅವುಗಳಲ್ಲಿ 'ಅಚಲಾ' ಎಂಬುದು ಒಂದು, 'ಸ್ಥಿರಾ' ಎಂಬುದು ಇನ್ನೊಂದು. ಅಲುಗದವಳು, ನೆಲೆಯಾಗಿ ನಿಂತವಳು ಎಂದು ಅರ್ಥ. ಮನುಷ್ಯನು ಮನೆ ಕಟ್ಟುವುದೂ ಬಿತ್ತುವುದೂ ತೊಟ್ಟಿಲು ತೂಗುವುದೂ ಈ ಒಂದು ನಂಬಿಕೆಯ ಮೇಲೆಯೇ. ಆ ನಂಬಿಕೆಗೆ ಒಮ್ಮೆ ಪೆಟ್ಟು ಬಿದ್ದರೆ ಮನಸ್ಸು ಎಷ್ಟು ಕಂಗೆಡುತ್ತದೆಂಬುದನ್ನು ವಯನಾಡಿನವರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

2024ನೆಯ ಇಸವಿ ಆಗಸ್ಟ್ 9ನೆಯ ತಾರೀಖು ಶುಕ್ರವಾರ, ಬೆಳಗಿನ ಹತ್ತು ಗಂಟೆ ದಾಟಿದ ಸಮಯ. ಅಂಬಲವಯಲ್, ನೆನ್ಮೇನಿ, ವೈತ್ತಿರಿ ಮುಂತಾದ ಕಡೆಗಳಲ್ಲಿ ನೆಲದೊಳಗಿನಿಂದ ಗುಡುಗಿನಂಥ ಸದ್ದು ಕೇಳಿಬಂತು. ಕೆಲವರಿಗೆ ಕಾಲಡಿಯ ನೆಲ ಕಂಪಿಸಿದಂತೆಯೂ ಆಯಿತು. ಎಡಕಲ್ಲು ಗುಡ್ಡದ ಸುತ್ತಮುತ್ತ ಜನರು ಮನೆಯಿಂದ ಹೊರಗೆ ಬಂದರು. ಶಾಲೆಯ ಮಕ್ಕಳನ್ನು ಮನೆಗೆ ಕಳುಹಿಸಲಾಯಿತು. ಮುಂಡಕ್ಕೈ, ಚೂರಲ್‌ಮಲಗಳ ದುರಂತ ನಡೆದು ಆಗ ಕೇವಲ ಹತ್ತು ದಿನಗಳಾಗಿದ್ದುವು. ಭೂಕಂಪವೇ ಎಂದು ಕೆಲವರು, ಗುಡ್ಡ ಮತ್ತೆ ಜಾರುತ್ತಿದೆಯೇ ಎಂದು ಕೆಲವರು, ಒಳಗೆ ಜ್ವಾಲಾಮುಖಿಯೇನಾದರೂ ಇದೆಯೇ ಎಂದು ಮತ್ತೆ ಕೆಲವರು ಕೇಳತೊಡಗಿದರು.

ಉತ್ತರ ಬಂದುದು ಉಪಕರಣಗಳಿಂದ. ದೆಹಲಿಯಲ್ಲಿರುವ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದವರು ತಮ್ಮ ಜಾಲದ ದಾಖಲೆಗಳನ್ನು ನೋಡಿ, ಆ ಹೊತ್ತಿನಲ್ಲಿ ಇಲ್ಲಿ ಭೂಕಂಪವೇನೂ ದಾಖಲಾಗಿಲ್ಲವೆಂದು ತಿಳಿಸಿದರು. ನೆಲದೊಳಗಿನ ಬಿರುಕುಗಳ ಮೂಲಕ ಸಾಗಿದ ಸದ್ದು ಮತ್ತು ಕಂಪನ ಇದಾಗಿರಬಹುದೆಂಬುದು ಅವರ ಅಭಿಪ್ರಾಯವಾಗಿತ್ತು. 'ದಾಖಲಾಗಿಲ್ಲ' ಎಂಬ ಒಂದು ಮಾತು ಅಂದು ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುವಂತೆ ಮಾಡಿತು. ಕಿವಿ ಕೇಳಿದುದು ಸುಳ್ಳಲ್ಲ. ಆದರೆ ಕಿವಿಯೊಂದೇ ಸಾಕಾಗುವುದಿಲ್ಲ. ಭಯವನ್ನು ಅಳೆದು ನೋಡಲು ಭಯವಿಲ್ಲದ ಒಂದು ಸಾಕ್ಷಿ ಬೇಕಾಗುತ್ತದೆ.

ಆ ಸಾಕ್ಷಿ ಯಾವುದು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ನೆಲದಾಳದಲ್ಲಿ ಬಂಡೆಗಳು ಬಹುಕಾಲದ ಒತ್ತಡಕ್ಕೆ ಸಿಕ್ಕಿ, ತಡೆಯಲಾರದೆ ಒಮ್ಮೆಗೇ ಸರಿದಾಗ ಭೂಕಂಪವಾಗುತ್ತದೆ. ಕೊಳಕ್ಕೆ ಕಲ್ಲೆಸೆದಾಗ ಅಲೆಗಳು ಸುತ್ತಲೂ ಹರಡುವಂತೆ ಆ ಸರಿತದಿಂದ ಅಲೆಗಳು ಎಲ್ಲ ದಿಕ್ಕಿಗೂ ಹೊರಡುತ್ತವೆ. ಅವುಗಳಲ್ಲಿ ಎರಡು ಮುಖ್ಯ. ಮೊದಲನೆಯದು ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಿಂದ ಓಡುತ್ತದೆ. ಎರಡನೆಯದು ಸುಮಾರು ಮೂರೂವರೆ ಕಿಲೋಮೀಟರ್ ವೇಗದಿಂದ ಹಿಂದೆ ಬರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರವೆಂದು ನಮ್ಮ ಮಕ್ಕಳು ಹೇಳುತ್ತಾರಷ್ಟೆ. ಇದೂ ಅದೇ ಲೆಕ್ಕ. ಎರಡು ಅಲೆಗಳ ನಡುವಣ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಕಂಪದ ಮೂಲ ಎಷ್ಟು ಕಿಲೋಮೀಟರ್ ದೂರವೆಂಬುದು ಸುಮಾರಾಗಿ ತಿಳಿಯುತ್ತದೆ. ಒಂದು ಕೇಂದ್ರದಿಂದ ದೂರ ಮಾತ್ರ ತಿಳಿದೀತು, ದಿಕ್ಕು ತಿಳಿಯದು. ಮೂರು ಕೇಂದ್ರಗಳು ತಮ್ಮ ತಮ್ಮ ದೂರವನ್ನು ವೃತ್ತವಾಗಿ ಎಳೆದರೆ ಆ ವೃತ್ತಗಳು ಕೂಡುವ ಎಡೆಯೇ ಕಂಪದ ನೆಲೆ. ಆದುದರಿಂದಲೇ ಭೂಕಂಪಮಾಪಕ ಒಂಟಿಯಾಗಿದ್ದರೆ ಸಾಲದು, ಜಾಲವಾಗಿರಬೇಕು.

ಮಾಪಕದ ತತ್ತ್ವವೂ ಸರಳವಾದುದೇ. ತೂಗುಹಾಕಿದ ಭಾರವಾದ ಗುಂಡು, ನೆಲ ಅಲುಗಿದಾಗ ತನ್ನ ಜಡತ್ವದಿಂದ ಹಿಂದೆ ಉಳಿಯುತ್ತದೆ. ನೆಲಕ್ಕೂ ಗುಂಡಿಗೂ ಉಂಟಾದ ಈ ಅಂತರವನ್ನು ಹಿಂದೆ ಲೇಖನಿ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು; ಇಂದು ವಿದ್ಯುತ್ ಸಂಕೇತ ಅಂಕೆಗಳಾಗಿ ಬರೆಯುತ್ತದೆ. ಚೀನಾ ದೇಶದಲ್ಲಿ ಝಾಂಗ್ ಹೆಂಗ್ ಎಂಬ ಪಂಡಿತನು ಕ್ರಿ.ಶ. 132ರಷ್ಟು ಹಿಂದೆಯೇ ಕಂಪವನ್ನು ಗುರುತಿಸುವ ಪಾತ್ರೆಯೊಂದನ್ನು ರಚಿಸಿದ್ದನು. ಕಂಪದ ಪ್ರಮಾಣವನ್ನು ಅಂಕೆಯಲ್ಲಿ ಹೇಳುವ ಕ್ರಮವನ್ನು 1935ರಲ್ಲಿ ಚಾರ್ಲ್ಸ್ ರಿಕ್ಟರ್ ರೂಢಿಗೆ ತಂದನು. ಈ ಅಂಕೆಯಲ್ಲಿ ಒಂದು ಹೆಚ್ಚಿದರೆ ಅಲೆಯ ಎತ್ತರ ಹತ್ತುಪಟ್ಟು, ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಒಂದು ಹಳೆಯ ಮನೆಯಿದೆ. ಅದು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು. ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ಸೇರಿದ ಅಲ್ಲಿನ ಮಾಪಕಗಳ ಸಾಲು 1965ರಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಕಾರದಿಂದ ಸ್ಥಾಪಿತವಾಯಿತು. ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ಎರಡು ತೋಳುಗಳಂತೆ ಇಪ್ಪತ್ತು ಮಾಪಕಗಳನ್ನು ಹೊಲಗದ್ದೆಗಳ ನಡುವೆ ಇರಿಸಿದರು. ಗೌರಿಬಿದನೂರಿನ ರಾಗಿ ಹೊಲದ ಅಂಚಿನಲ್ಲಿರುವ ಮಾಪಕಕ್ಕೆ ಸಾವಿರಾರು ಕಿಲೋಮೀಟರ್ ಆಚೆಯ ದೇಶದಲ್ಲಿ ನೆಲದಡಿ ನಡೆದ ಅಣುಸ್ಫೋಟದ ಕಂಪವೂ ತಿಳಿಯುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿಯೂ ಇಂಥ ಕಾವಲು ನಡೆಯಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಗಳಲ್ಲಿ ಬಂಡೆಗಳು ಮೇಲಿನ ಭಾರಕ್ಕೆ ಸಿಡಿದು ಕಾರ್ಮಿಕರನ್ನು ಬಲಿತೆಗೆದುಕೊಳ್ಳುತ್ತಿದ್ದುವು. ಬಂಡೆ ಸಿಡಿಯುವ ತಾಣಗಳನ್ನು ಗುರುತಿಸಲು ಮಾಪಕಗಳನ್ನು ಹೂಡಿದ್ದರು. 2001ರಲ್ಲಿ ಗಣಿಗಳು ಮುಚ್ಚಿದುವು.

ಇಷ್ಟೆಲ್ಲ ಇದ್ದರೂ ನಾಳೆ ಇಂಥಲ್ಲಿ ಇಷ್ಟು ಹೊತ್ತಿಗೆ ಭೂಕಂಪವಾಗುವುದೆಂದು ಹೇಳಬಲ್ಲವರು ಇಂದಿಗೂ ಯಾರೂ ಇಲ್ಲ. ಹಾಗೆ ಹೇಳುವವರಿದ್ದರೆ ಅವರ ಮಾತನ್ನು ನಂಬಬೇಕಾಗಿಲ್ಲ. ಕಲಬುರ್ಗಿ, ಬೀದರಗಳಿಗೆ ಸಮೀಪವಾದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1992ರಲ್ಲಿಯೇ ಸಣ್ಣ ಕಂಪಗಳು ಆಗಿದ್ದುವು. ಆದರೂ 1993ರ ಸೆಪ್ಟೆಂಬರ್ 30ರ ಮುಂಜಾವದಲ್ಲಿ, ಜನರೆಲ್ಲ ಮಲಗಿದ್ದ ನಾಲ್ಕು ಗಂಟೆಯ ಸುಮಾರಿಗೆ, 6.2 ಪ್ರಮಾಣದ ಕಂಪ ಬರುವುದೆಂದು ಯಾರೂ ಎಣಿಸಿರಲಿಲ್ಲ. ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಕುಸಿದು ಹತ್ತು ಸಾವಿರದಷ್ಟು ಜನ ಮಡಿದರು. ನಮ್ಮ ದಕ್ಷಿಣ ದೇಶ ಗಟ್ಟಿ ನೆಲ, ಇಲ್ಲಿ ಭೂಕಂಪವಾಗದು ಎಂಬ ಹಳೆಯ ಸಮಾಧಾನ ಅಂದು ಕುಸಿಯಿತು. ನಮ್ಮ ನೆರೆಯ ಕೊಯಮತ್ತೂರಿನಲ್ಲಿಯೂ 1900ರ ಫೆಬ್ರವರಿ 8ರಂದು ಸುಮಾರು 6 ಪ್ರಮಾಣದ ಕಂಪವಾಗಿತ್ತು. ಭೂಕಂಪದ ವಿಷಯದಲ್ಲಿ ಮಾಪಕಗಳು ಕೊಡುವ ಮುಖ್ಯ ಉಪಕಾರವೆಂದರೆ ಯಾವ ನೆಲ ಎಷ್ಟು ಅಲುಗಬಹುದೆಂಬ ತಿಳಿವು. ಅದನ್ನು ನೋಡಿ ಮನೆಯನ್ನು ಭದ್ರವಾಗಿ ಕಟ್ಟಬೇಕು. ರಕ್ಷೆಯಿರುವುದು ಮುನ್ಸೂಚನೆಯಲ್ಲಲ್ಲ, ಗೋಡೆಯಲ್ಲಿ.

ಜ್ವಾಲಾಮುಖಿಯ ಸಂಗತಿ ಹೀಗಲ್ಲ. ಅದು ಹೆಚ್ಚಾಗಿ ಹೇಳಿ ಬರುತ್ತದೆ. ಕರಗಿದ ಶಿಲೆ ಆಳದಿಂದ ಮೇಲಕ್ಕೆ ಏರುವಾಗ ದಾರಿಯ ಬಂಡೆಗಳನ್ನು ಒಡೆಯಬೇಕಾಗುತ್ತದೆ. ಆಗ ಸಣ್ಣ ಸಣ್ಣ ಕಂಪಗಳು ಗುಂಪುಗುಂಪಾಗಿ ಹುಟ್ಟುತ್ತವೆ. ಕರಗಿದ ಶಿಲೆಯೂ ಅನಿಲವೂ ಬಿರುಕುಗಳಲ್ಲಿ ಹರಿದಾಡುವಾಗ ನಿಧಾನವಾದ, ಎಡೆಬಿಡದ ನಡುಕ ಕಾಣಿಸುತ್ತದೆ. ಬೆಟ್ಟದ ಮೈ ಉಬ್ಬುತ್ತದೆ. ಅದನ್ನು ಓರೆಯಳೆಯುವ ಉಪಕರಣಗಳಿಂದಲೂ ಉಪಗ್ರಹಗಳಿಂದಲೂ ಅಳೆಯುತ್ತಾರೆ. ಗಂಧಕದ ಅನಿಲ ಹೆಚ್ಚುತ್ತದೆ, ಬಿಸಿ ಏರುತ್ತದೆ. ವೈದ್ಯನು ನಾಡಿ, ಉಸಿರು, ಮೈಬಿಸಿ, ಬಾವುಗಳನ್ನು ಒಟ್ಟಿಗೆ ನೋಡಿ ರೋಗವನ್ನು ನಿರ್ಣಯಿಸುವಂತೆ ಇಲ್ಲಿಯೂ ನಾಲ್ಕನ್ನೂ ಕೂಡಿಸಿ ನೋಡಬೇಕು. ಇಟಲಿಯ ವೆಸೂವಿಯಸ್ ಬೆಟ್ಟದ ಮೇಲೆ 1841ರಲ್ಲಿಯೇ ಇದಕ್ಕೆಂದು ವೀಕ್ಷಣಾಲಯ ಸ್ಥಾಪಿತವಾಯಿತು.

ವಯನಾಡಿನಲ್ಲಿ ಜ್ವಾಲಾಮುಖಿಯಿಲ್ಲ, ಆ ಭಯ ಬೇಡ. ಇಲ್ಲಿನ ಬಂಡೆಗಳು ಬಹು ಪುರಾತನವಾದುವು. ಉಡುಪಿಯ ಮಲ್ಪೆಯ ಆಚೆ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬಗಳನ್ನು ಜೋಡಿಸಿಟ್ಟಂತೆ ಕಾಣುವ ಶಿಲೆಗಳು ಕೋಟ್ಯಂತರ ವರ್ಷಗಳ ಹಿಂದೆ ಉಕ್ಕಿ ಆರಿದ ಲಾವಾದ ಕುರುಹುಗಳು. ಅಲ್ಲಿಯೂ ಈಗ ಬೆಂಕಿಯಿಲ್ಲ. ಭಾರತದಲ್ಲಿ ಇಂದು ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪವೊಂದೇ. ಅಲ್ಲಿ ಮನುಷ್ಯವಾಸವಿಲ್ಲ. 1787ರಲ್ಲಿ ಅದು ಉರಿಯುತ್ತಿದ್ದುದನ್ನು ನಾವಿಕರು ಕಂಡು ಬರೆದಿಟ್ಟರು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಿದ್ರಿಸಿ 1991ರಲ್ಲಿ ಮತ್ತೆ ಎದ್ದಿತು. ಆ ಬಳಿಕ ಹಲವು ಬಾರಿ ಉಗುಳಿದೆ. 2025ರ ಸೆಪ್ಟೆಂಬರಿನಲ್ಲಿಯೂ ಉಗುಳಿತು. ನೂರೈವತ್ತು ವರ್ಷ ಮೌನವಾಗಿದ್ದುದು ಸತ್ತುದೆಂದು ಅರ್ಥವಲ್ಲವೆಂಬ ಪಾಠ ಇದರಿಂದ ದೊರೆಯುತ್ತದೆ.

ಇನ್ನು ನಮ್ಮ ಮಾತಿನ ತಿರುಳಿಗೆ ಬರೋಣ. ಉಪಕರಣಗಳಿದ್ದೂ ಜನ ಸಾಯುವುದು ಏಕೆ? ಅದಕ್ಕೆ ಎರಡು ಬೆಟ್ಟಗಳ ಕಥೆ ಹೇಳಬೇಕು.

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ನೆವಾಡೋ ದೆಲ್ ರೂಯಿಸ್ ಎಂಬ ಹಿಮ ಹೊದ್ದ ಜ್ವಾಲಾಮುಖಿಯಿದೆ. ಅದು 1984ರ ಕೊನೆಯಿಂದಲೇ ಕಂಪಿಸತೊಡಗಿತ್ತು. ಅಪಾಯಕ್ಕೊಳಗಾಗುವ ಊರುಗಳನ್ನು ತೋರಿಸುವ ನಕಾಶೆಯೂ 1985ರ ಅಕ್ಟೋಬರಿನಲ್ಲಿ ಸಿದ್ಧವಾಗಿ ಹೊರಬಂದಿತ್ತು. ಅರ್ಮೆರೋ ಎಂಬ ಪಟ್ಟಣ ಆ ನಕಾಶೆಯಲ್ಲಿ ಅಪಾಯದ ಬಣ್ಣದೊಳಗೇ ಇತ್ತು. ನವೆಂಬರ್ 13ರ ರಾತ್ರಿ ಒಂಬತ್ತು ಗಂಟೆಯ ವೇಳೆಗೆ ಬೆಟ್ಟ ಸಿಡಿಯಿತು. ಹಿಮ ಕರಗಿ ಕೆಸರಿನ ಪ್ರವಾಹವಾಗಿ ಕಣಿವೆಗಿಳಿಯಿತು. ಅದು ಅರ್ಮೆರೋ ಮುಟ್ಟಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಪಕ್ಕದ ದಿಣ್ಣೆಗೆ ಮಕ್ಕಳೂ ಮುದುಕರೂ ನಡೆದುಹೋಗಬಹುದಾಗಿತ್ತು. ಆದರೆ ಹೊರಡಿರೆಂಬ ಸ್ಪಷ್ಟವಾದ ಆಜ್ಞೆ ಊರಿಗೆ ತಲುಪಲಿಲ್ಲ. ಮನೆಯಲ್ಲೇ ಇರಿ, ಗಾಬರಿಯಾಗಬೇಡಿ ಎಂಬ ಮಾತು ತಲುಪಿತ್ತು. ಸುಮಾರು ಇಪ್ಪತ್ತಮೂರು ಸಾವಿರ ಜನ ಕೆಸರಿನಲ್ಲಿ ಹೂತುಹೋದರು.

ಈ ಘಟನೆಯಿಂದ ನೊಂದ ವಿಜ್ಞಾನಿಗಳು ಅಮೆರಿಕದಲ್ಲಿ 1986ರಲ್ಲಿ ಒಂದು ತಂಡ ಕಟ್ಟಿದರು. ಎಲ್ಲಿ ಜ್ವಾಲಾಮುಖಿ ಎಚ್ಚರಗೊಂಡರೂ ಉಪಕರಣಗಳೊಡನೆ ಅಲ್ಲಿಗೆ ಧಾವಿಸುವುದು ಅದರ ಕೆಲಸ. 1991ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೋ ಬೆಟ್ಟ ಹಬೆಯುಗುಳಿದಾಗ ಆ ತಂಡ ಅಲ್ಲಿನ ವಿಜ್ಞಾನಿಗಳ ಜೊತೆ ಸೇರಿತು. ಆ ಬೆಟ್ಟ ಸುಮಾರು ಐನೂರು ವರ್ಷ ಸುಮ್ಮನಿದ್ದುದರಿಂದ ಬಹಳ ಮಂದಿ ಅದನ್ನು ಜ್ವಾಲಾಮುಖಿಯೆಂದೇ ತಿಳಿದಿರಲಿಲ್ಲ. ಮಾಪಕಗಳನ್ನು ಹೂಡಿದರು, ಅನಿಲವನ್ನು ಅಳೆದರು. ಮೇ 13ರಂದು ದಿನಕ್ಕೆ 500 ಟನ್ನಿನಷ್ಟಿದ್ದ ಗಂಧಕದ ಅನಿಲ ಮೇ 28ರ ವೇಳೆಗೆ 5000 ಟನ್ ಮೀರಿತ್ತು. ಆದರೆ ಅಂಕೆಗಳನ್ನು ತಮ್ಮ ತಮ್ಮಲ್ಲೇ ಇಟ್ಟುಕೊಳ್ಳದೆ ಅಪಾಯವನ್ನು ಒಂದರಿಂದ ಐದರವರೆಗಿನ ಮಟ್ಟಗಳಾಗಿ ವಿಂಗಡಿಸಿ ಜನರಿಗೆ ತಿಳಿಸಿದರು. ಜ್ವಾಲಾಮುಖಿ ಸಿಡಿದರೆ ಏನಾಗುತ್ತದೆಂಬುದನ್ನು ಚಲನಚಿತ್ರದ ಮೂಲಕ ಅಧಿಕಾರಿಗಳಿಗೂ ಊರಿನವರಿಗೂ ತೋರಿಸಿದರು. ಬೆಟ್ಟದ ಮೇಲೆ ವಾಸಿಸುತ್ತಿದ್ದ ಐಟ ಎಂಬ ಗಿರಿಜನರನ್ನು ಕೆಳಗಿಳಿಸಿದರು. ಬಿಟ್ಟು ಹೊರಡಬೇಕಾದ ವೃತ್ತವನ್ನು ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಕಿಲೋಮೀಟರಿಗೆ ಹಿಗ್ಗಿಸುತ್ತ ಬಂದರು. ಜೂನ್ 15ರಂದು ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲೊಂದು ಸಂಭವಿಸಿತು. ಅದೇ ದಿನ ಚಂಡಮಾರುತವೂ ಬಂದು ಒದ್ದೆ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದು ನೂರಾರು ಜನ ಸತ್ತರು; ಆದರೂ ಐದು ಸಾವಿರಕ್ಕೆ ಕಡಮೆಯಿಲ್ಲದ ಜೀವಗಳು ಉಳಿದುವೆಂದು ಲೆಕ್ಕ ಹಾಕಿದ್ದಾರೆ.

ರೂಯಿಸಿನಲ್ಲಿಯೂ ವಿದ್ಯೆಯಿತ್ತು, ಪಿನಾಟುಬೋದಲ್ಲಿಯೂ ಇತ್ತು. ಪಿನಾಟುಬೋದಲ್ಲಿ ಅದು ಜನರ ಭಾಷೆಗೆ ಇಳಿಯಿತು; ರೂಯಿಸಿನಲ್ಲಿ ಇಳಿಯಲಿಲ್ಲ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಪದೇ ಪದೇ ಜೀವ ತೆಗೆಯುತ್ತಿರುವುದು ಭೂಕಂಪವೂ ಅಲ್ಲ, ಜ್ವಾಲಾಮುಖಿಯೂ ಅಲ್ಲ. ಮಳೆಯಿಂದ ಸಡಿಲವಾದ ಗುಡ್ಡ. 2019ರ ಆಗಸ್ಟ್ 8ರಂದು ಪುತ್ತುಮಲದಲ್ಲಿ ಹದಿನೇಳು ಮಂದಿಯನ್ನು ಕಳೆದುಕೊಂಡೆವು. 2024ರ ಜುಲೈ 30ರ ನಡುರಾತ್ರಿ ಕಳೆದ ಮೇಲೆ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಸುಮಾರು 1550 ಮೀಟರ್ ಎತ್ತರದಿಂದ ಹೊರಟ ಮಣ್ಣು, ಕಲ್ಲು, ಮರಗಳ ಪ್ರವಾಹ ಎಂಟು ಕಿಲೋಮೀಟರ್ ದೂರ ಹರಿಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಮೃತರಲ್ಲಿ ಚಾಮರಾಜನಗರ, ಮಂಡ್ಯ ಕಡೆಯ ಕನ್ನಡಿಗರೂ ಇದ್ದರು.

ಗುಡ್ಡಕ್ಕೂ ನಾಡಿಯಿದೆ, ಆ ನಾಡಿ ಮಳೆಯ ಅಳತೆ. ಮೇಪ್ಪಾಡಿಯ ಆ ಪ್ರದೇಶದಲ್ಲಿ 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ಸುರಿದಿತ್ತೆಂದು ಸರ್ಕಾರ ತಿಳಿಸಿತು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಎಂದರೆ ಚಾಪೆಯಷ್ಟು ಅಗಲದ ಒಂದೊಂದು ತುಂಡು ನೆಲದ ಮೇಲೂ ಎರಡು ದಿನಗಳಲ್ಲಿ ಅರ್ಧ ಟನ್ನಿಗೂ ಹೆಚ್ಚು ನೀರು ಬಿತ್ತು. ಕಲ್ಪೆಟ್ಟದ ಹ್ಯೂಮ್ ಪರಿಸರ ಕೇಂದ್ರದವರು ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಜಾಲ ಹೂಡಿದ್ದಾರೆ. ದಿನದಿನದ ಅಂಕೆಗಳನ್ನು ಬರೆದು ಕಳುಹಿಸುವವರಲ್ಲಿ ಸಾಮಾನ್ಯ ರೈತರೂ ಇದ್ದಾರೆ. ಆ ಅಂಕೆಗಳನ್ನು ನೋಡಿ ಅವರು ದುರಂತದ ಹಿಂದಿನ ದಿನವೇ ಅಧಿಕಾರಿಗಳಿಗೆ ಅಪಾಯವನ್ನು ತಿಳಿಸಿದ್ದರೆಂದು ಪತ್ರಿಕೆಗಳಲ್ಲಿ ಬಂದಿತು. ಯಾರು ಯಾವಾಗ ಏನು ಹೇಳಿದರೆಂಬ ವಾದ ಆಮೇಲೆ ಲೋಕಸಭೆಯವರೆಗೂ ಹೋಯಿತು. ಆ ವಾದದಲ್ಲಿ ನಾವು ಪಕ್ಷ ಹಿಡಿಯುವುದಿಲ್ಲ. ಆದರೆ ಮಲಗಿದ್ದ ಮನೆಗಳ ಬಾಗಿಲನ್ನು ಎಚ್ಚರಿಕೆ ತಟ್ಟಲಿಲ್ಲವೆಂಬುದು ಮಾತ್ರ ನಿರ್ವಿವಾದ.

ಇಲ್ಲಿಯೇ ನಮ್ಮ ಸಂಘದ ಕೆಲಸ ಆರಂಭವಾಗುತ್ತದೆ. ಮಲಯಾಳದಲ್ಲಿ ಗುಡ್ಡದ ಕುಸಿತಕ್ಕೆ ಎರಡು ಮಾತುಗಳಿವೆ. 'ಮಣ್ಣಿಡಿಚ್ಚಿಲ್' ಎಂದರೆ ದರೆ ಜರಿಯುವುದು. 'ಉರುಳ್‌ಪೊಟ್ಟಲ್' ಎಂದರೆ ನೀರುಂಡ ಗುಡ್ಡ ಒಡೆದು ಕಲ್ಲುಮಣ್ಣು ಉರುಳಿಕೊಂಡು ಬರುವುದು. ಮೊದಲನೆಯದಕ್ಕೆ ಮನೆಯ ಹಿಂಬದಿಯ ಕೋಣೆ ಬಿಟ್ಟು ಮುಂದೆ ಬಂದರೆ ಕೆಲವೊಮ್ಮೆ ಸಾಕಾದೀತು. ಎರಡನೆಯದಕ್ಕೆ ತೋಡಿನ ದಡವನ್ನೂ ಕಣಿವೆಯನ್ನೂ ಬಿಟ್ಟು ದೂರ ಹೋಗಬೇಕು. ಕನ್ನಡ ಪತ್ರಿಕೆಗಳು ಇವೆರಡನ್ನೂ 'ಭೂಕುಸಿತ' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತವೆ. 'ಉರುಳು' ಎಂಬುದು ನಮಗೂ ಸ್ವಂತದ ಮಾತೇ. ಎಚ್ಚರಿಕೆಗೆ ಮಲಯಾಳದಲ್ಲಿ ಹೇಳುವ 'ಮುನ್ನರಿಯಿಪ್ಪ್' ಎಂಬ ಮಾತಿನಲ್ಲಿಯೂ ನಮ್ಮ 'ಮುನ್ನ' ಇದೆ, 'ಅರಿವು' ಇದೆ. ಬೇರು ಒಂದೇ ಆದರೂ ಕತ್ತಲಲ್ಲಿ ಮೊಬೈಲಿಗೆ ಬಂದ ಒಂದು ಸಾಲನ್ನು ಓದಲಾರದ ಅಜ್ಜಿಗೆ, ಗುಂಡ್ಲುಪೇಟೆಯ ಕಡೆಯಿಂದ ಶುಂಠಿ ಕೆಲಸಕ್ಕೆ ಬಂದು ಗುಡಿಸಲಲ್ಲಿ ಮಲಗಿರುವ ಕೂಲಿಯವನಿಗೆ ಆ ನಂಟುತನ ಪ್ರಯೋಜನಕ್ಕೆ ಬಾರದು. 2025ರಲ್ಲಿ ಕೇರಳ ಸರ್ಕಾರ 'ಕವಚಂ' ಎಂಬ ಎಚ್ಚರಿಕೆಯ ವ್ಯವಸ್ಥೆಯನ್ನು ಆರಂಭಿಸಿತು. ಅದರಲ್ಲಿ ಸೈರನ್‌ಗಳೂ ಇವೆ. ಸೈರನ್ನಿಗೆ ಭಾಷೆಯಿಲ್ಲ, ಆದರೆ ಸೈರನ್ ಕೂಗಿದ ಮೇಲೆ ಯಾವ ಕಡೆಗೆ ಹೋಗಬೇಕೆಂಬುದಕ್ಕೆ ಭಾಷೆ ಬೇಕು.

ಆದುದರಿಂದ ಸಂಘದ ಮುಂದೆ ಮೂರು ಸೂಚನೆಗಳನ್ನು ಇಡುತ್ತೇವೆ. ಮೊದಲನೆಯದು, ಎಚ್ಚರಿಕೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಅರ್ಥವನ್ನೂ ಮಳೆಯ ಅಂಕೆಗಳನ್ನೂ ಕನ್ನಡದಲ್ಲಿ ಒಂದು ಹಾಳೆಯಾಗಿ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸಬೇಕು. 24 ಗಂಟೆಗಳಲ್ಲಿ 204 ಮಿಲಿಮೀಟರ್ ಮೀರಿದುದನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆಯೆಂದು ಕರೆಯುತ್ತದೆ. ಇಷ್ಟಾದರೂ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕು. ಎರಡನೆಯದು, ನಮ್ಮ ವಿದ್ಯಾರ್ಥಿಗಳು ಮಳೆಗಾಲದಲ್ಲಿ ದಿನವೂ ಬೆಳಿಗ್ಗೆ ಎಂಟೂವರೆ ಗಂಟೆಗೆ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಇದಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ; ಬಯಲಿನಲ್ಲಿ ನೆಟ್ಟಗೆ ಇರಿಸಿದ ನೇರ ಗೋಡೆಯ ಡಬ್ಬಿಯೂ ಒಂದು ಅಳತೆಪಟ್ಟಿಯೂ ಸಾಕು. ಮೂರನೆಯದು, ಇಳಿಜಾರಿನಲ್ಲಿ, ತೋಡಿನ ದಂಡೆಯಲ್ಲಿ ವಾಸಿಸುವ ಕನ್ನಡ ಕುಟುಂಬಗಳ ಪಟ್ಟಿಯೊಂದು ನಮ್ಮಲ್ಲಿರಬೇಕು. ರಾತ್ರಿ ಯಾರು ಯಾರ ಬಾಗಿಲು ತಟ್ಟಬೇಕೆಂಬುದು ಮೊದಲೇ ಗೊತ್ತಾಗಿರಬೇಕು. ಈ ಕೆಲಸವನ್ನು ನೆರೆಯ ಮಲಯಾಳಿ ಬಂಧುಗಳ ಜೊತೆ, ಪಂಚಾಯತಿಯ ಜೊತೆ ಕೂಡಿಯೇ ಮಾಡಬೇಕು. ಗುಡ್ಡ ಜಾತಿಯನ್ನೂ ಭಾಷೆಯನ್ನೂ ಕೇಳಿ ಉರುಳುವುದಿಲ್ಲ.

ಇಲ್ಲಿ ಒಂದು ಸಂಶಯ ಬರಬಹುದು. ಹತ್ತು ಸಲ ಮನೆ ಬಿಟ್ಟು ಹೋಗಿ ಹತ್ತು ಸಲವೂ ಏನೂ ಆಗದಿದ್ದರೆ ಹನ್ನೊಂದನೆಯ ಸಲ ಯಾರು ಹೋಗುತ್ತಾರೆ? ಸಂಶಯ ನ್ಯಾಯವಾದುದೇ. ದನಕರುಗಳನ್ನೂ ಬೆಳೆಯನ್ನೂ ಬಿಟ್ಟು ಹೋಗುವವರ ಕಷ್ಟ ಪೇಟೆಯವರಿಗೆ ತಿಳಿಯದು. ಆದರೆ ಅಂಕೆಯನ್ನು ತಾನೇ ಅಳೆದು ಬರೆದವನಿಗೆ ಎಚ್ಚರಿಕೆ ಮೇಲಿನಿಂದ ಇಳಿದ ಅಪ್ಪಣೆಯಾಗಿ ಕಾಣುವುದಿಲ್ಲ. ತನ್ನದೇ ಪುಸ್ತಕದ ಮಾತಾಗಿ ಕಾಣುತ್ತದೆ. ಏನೂ ಆಗದ ಹತ್ತು ರಾತ್ರಿಗಳನ್ನು ಅವನು ನಷ್ಟವೆಂದು ಎಣಿಸಲಾರನು. ಮಕ್ಕಳ ಕೈಗೆ ಮಳೆಮಾಪಕ ಕೊಡಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಎಡಕಲ್ಲೆಂಬ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲು ಎಂದು ಅದರ ಅರ್ಥ. ಸೀಳಿನಿಂತ ಎರಡು ಬಂಡೆಗಳ ನಡುವೆ ಹೆಬ್ಬಂಡೆಯೊಂದು ಬಿದ್ದು ಸಿಕ್ಕಿಕೊಂಡಿದೆ. ಅದರ ಕೆಳಗಿನ ಗೋಡೆಯ ಮೇಲೆ ಹಿಂದಿನವರು ಕೊರೆದ ಚಿತ್ರಗಳಿವೆ. ನೆಲ ಅಚಲವಲ್ಲವೆಂಬುದಕ್ಕೆ ನಮ್ಮೂರಿನ ಸಮೀಪದಲ್ಲೇ ಇರುವ ಸಾಕ್ಷಿ ಅದು. ಜಾರಿದ ಬಂಡೆಯ ಕೆಳಗೂ ಮನುಷ್ಯನು ಬದುಕಿದನು, ಕಂಡುದನ್ನು ಕಲ್ಲಿನಲ್ಲಿ ಬರೆದಿಟ್ಟನು. ಬರೆದಿಡುವ ಆ ಕೆಲಸವನ್ನು ನಾವು ಮಳೆಯ ಪುಸ್ತಕದಲ್ಲಿ ಮುಂದುವರಿಸಬೇಕಾಗಿದೆ. ಬರುವ ಇಡವಪಾತಿಯ ಮೊದಲ ಮಳೆ ಬೀಳುವುದರೊಳಗೆ ಆ ಹಾಳೆಯೂ ಆ ಪಟ್ಟಿಯೂ ಸಿದ್ಧವಾಗಲೆಂದು ಪ್ರಾರ್ಥಿಸುತ್ತೇವೆ.